ಬಚ್ಚೇದಾನಿಯ ಅಸ್ತರು

ರವಿಕೆಯ ಒಳಗೆ ಕೊಡುವ ತೆಳು ಬಟ್ಟೆಗೆ ನಮ್ಮ ಚಳ್ಳಕೆರೆಯ ಹಳೆಯ ದರ್ಜಿಗಳು ‘ಅಸ್ತರು’ ಎನ್ನುತ್ತಿದ್ದರು. ಈಗಿನ ಹುಡುಗರು ಲೈನಿಂಗ್ ಎನ್ನುತ್ತಾರೆ. ಗರ್ಭಕೋಶಕ್ಕೂ ಅಂಥದೊಂದು ಅಸ್ತರು ಉಂಟು. ತಿಂಗಳಿಗೊಮ್ಮೆ ಹೊಸದಾಗಿ ದಪ್ಪಗಾಗುತ್ತದೆ, ಕೂಸು ಬಂದು ಕೂರದಿದ್ದರೆ ತಾನಾಗಿ ಕಳಚಿ ಬೀಳುತ್ತದೆ. ವೈದ್ಯರು ಅದನ್ನು ಎಂಡೊಮೆಟ್ರಿಯಂ ಎನ್ನುತ್ತಾರೆ. ಕನ್ನಡದ ಆರೋಗ್ಯ ಪುಸ್ತಕಗಳಲ್ಲಿ ಅದು ಗರ್ಭಕೋಶದ ಒಳಪದರ. ಗರ್ಭಕೋಶಕ್ಕೆ ನಮ್ಮ ಮನೆಯ ದಖ್ಖನಿಯಲ್ಲಿ ಬಚ್ಚೇದಾನಿ ಎನ್ನುವುದು. ಉರ್ದು ಶಾಲೆಯಲ್ಲಿ ಓದುವಾಗ ಕಲಿತ ಅರಬ್ಬಿ ಮೂಲದ ಪದ ‘ರಹಿಮ್’. ಕರುಣೆಯೆಂಬ ಅರ್ಥದ ರಹಮ್, ರಹಮತ್ ಎಲ್ಲವೂ ಅದೇ ಬೇರಿನಿಂದ ಬಂದವು. ಇಷ್ಟೊಂದು ಹೆಸರಿದ್ದರೂ ಅದರ ಬಗ್ಗೆ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಮಾತಾಡಿದ್ದು ಕಡಿಮೆ.

ದಖ್ಖನಿಯಲ್ಲಿ ಹೆಂಗಸರು ತಮ್ಮೊಬ್ಬರನ್ನೇ ಕುರಿತು ಹೇಳುವಾಗಲೂ ‘ಹಮೇ’ ಎನ್ನುವುದುಂಟು. ಇಲ್ಲಿಯ ‘ನಾವು’ ಕೂಡ ಅಂಥದೇ. ಬರೆಯುತ್ತಿರುವವರು ಒಬ್ಬರು, ಹಿಂದೆ ನಿಂತಿರುವವರು ಅಮ್ಮಿ, ತಂಗಿ, ಖಾಲಾಗಳು.

ನಮ್ಮ ತಂಗಿಯನ್ನು ಮೊಳಕಾಲ್ಮೂರಿಗೆ ಕೊಟ್ಟಿದ್ದೇವೆ. ರೇಷ್ಮೆ ಸೀರೆಯ ಊರು. ಅವಳ ಗಂಡನ ಮನೆಯವರು ನೇಯುವವರಲ್ಲ, ನೂಲಿನ ವ್ಯಾಪಾರದವರು. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲ. ಹಕೀಮರ ಮಾಜೂನು ಆಯಿತು, ದರ್ಗಾದ ತಾಯಿತ ಆಯಿತು. ಪಕ್ಕದ ಮನೆಯ ಅಜ್ಜಿಯೊಬ್ಬರು ನಾಯಕನಹಟ್ಟಿ ತಿಪ್ಪೇಸ್ವಾಮಿಗೂ ಇವಳ ಹೆಸರಿನಲ್ಲಿ ಹರಕೆ ಹೊತ್ತರು. ಕೊನೆಗೆ 2017ರಲ್ಲಿ ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಗರ್ಭಕೋಶದಲ್ಲಿ ಟಿ.ಬಿ. ಇರಬಹುದು, ಒಳಪದರದ ಚೂರು ತೆಗೆದು ನೋಡಬೇಕು ಎಂದರು. ಅಮ್ಮಿಗೆ ನಂಬಿಕೆ ಬರಲಿಲ್ಲ. “ಇವಳು ಒಂದು ದಿನ ಕೆಮ್ಮಿದವಳಲ್ಲ, ಟೀಬಿ ಎಲ್ಲಿಂದ ಬಂತು?” ಎಂದರು.

ಅಮ್ಮಿಯ ಪ್ರಶ್ನೆ ಸರಿಯಾದದ್ದೇ. ಕ್ಷಯದ ರೋಗಾಣು ಉಸಿರಿನ ಮೂಲಕ ಶ್ವಾಸಕೋಶಕ್ಕೆ ಬರುತ್ತದೆ. ಅಲ್ಲಿ ಸದ್ದಿಲ್ಲದೆ ಅಡಗಿದ್ದು, ಎಷ್ಟೋ ಸಲ ಎಳೆಯ ವಯಸ್ಸಿನಲ್ಲೇ, ರಕ್ತದಲ್ಲಿ ಹರಿದು ಬೇರೆ ಕಡೆ ಹೋಗಿ ಕೂರುತ್ತದೆ. ಹೆಂಗಸರಲ್ಲಿ ಅದಕ್ಕೆ ಇಷ್ಟವಾದ ಜಾಗ ಗರ್ಭನಾಳಗಳು. ಅಲ್ಲಿಂದ ಗರ್ಭಕೋಶದ ಒಳಪದರಕ್ಕೆ ಇಳಿಯುತ್ತದೆ. ಕೆಮ್ಮಿಲ್ಲ, ಕಫವಿಲ್ಲ, ಎಷ್ಟೋ ಜನರಿಗೆ ಜ್ವರವೂ ಇಲ್ಲ. ಮಕ್ಕಳಾಗದಿರುವುದೊಂದೇ ಲಕ್ಷಣ. ನಮ್ಮ ದೇಶದಲ್ಲಿ ಬಂಜೆತನಕ್ಕೆ ಇದೂ ಒಂದು ದೊಡ್ಡ ಕಾರಣವೆಂದು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿಯ ದೇವಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಕ್ಷಯವಿದ್ದವರನ್ನು ಮಾತಾಡಿಸಿ, 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಇವರಿಗೆ ಕಂಡದ್ದು ಬೇರೆ. ಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಸರಕಾರಿ ಆಸ್ಪತ್ರೆಗೆ ಹೋಗಿದ್ದರು. ಅವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಸೂಕ್ಷ್ಮದರ್ಶಕವಿಲ್ಲದೆ, ಬರಿಯ ಪ್ರಶ್ನೆ ಕೇಳಿ, ಉತ್ತರವನ್ನು ತಾಳ್ಮೆಯಿಂದ ಬರೆದುಕೊಂಡು ಮಾಡಿದ ಸಂಶೋಧನೆ ಅದು. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮವನ್ನು ರೂಪಿಸುವಾಗ ಅದರ ಮಾತು ನಡೆಯಿತು. ಆದರೆ ಕೆಮ್ಮದ ಕ್ಷಯವನ್ನು ಪ್ರಶ್ನೆ ಕೇಳಿ ಹಿಡಿಯಲಾಗದು. ಪದರದ ಚೂರು ತೆಗೆಯಲೇಬೇಕು.

ತೆಗೆದರು. ನಮ್ಮ ಕಡೆ ‘ಡಿಎನ್‌ಸಿ’ ಎಂದು ಹೆಂಗಸರೆಲ್ಲ ಹೇಳುತ್ತಾರಲ್ಲ, ಅಂಥದೇ ಕೆಲಸ. ಹತ್ತು ದಿನಕ್ಕೆ ವರದಿ ಬಂತು, ಕ್ಷಯದ ಗಂಟುಗಳು ಕಾಣಲಿಲ್ಲ ಎಂದು. ಹಾಗಾದರೆ ರೋಗಾಣು ಬೆಳೆಸಿ ನೋಡಿದ ವರದಿ ಎಲ್ಲಿ ಎಂದು ಕೇಳಿದಾಗ ತಿಳಿಯಿತು, ತೆಗೆದ ಚೂರನ್ನು ಪೂರ್ತಿ ಫಾರ್ಮಲಿನ್‌ಗೆ ಹಾಕಿಬಿಟ್ಟಿದ್ದರು. ಫಾರ್ಮಲಿನ್ ಅಂಗಾಂಶವನ್ನು ಕೆಡದಂತೆ ಕಾಯುತ್ತದೆ, ಜೊತೆಗೆ ಅದರಲ್ಲಿರುವ ಜೀವಾಣುಗಳನ್ನೆಲ್ಲ ಕೊಲ್ಲುತ್ತದೆ. ಸತ್ತದ್ದನ್ನು ಬೆಳೆಸುವುದು ಹೇಗೆ? ಬೆಳೆಸಬೇಕಾದ ಚೂರನ್ನು ಬರಿಯ ಉಪ್ಪುನೀರಿನ ಶುದ್ಧ ಸೀಸೆಯಲ್ಲಿ ಇಡಬೇಕಿತ್ತು. ಎರಡು ಸೀಸೆಯ ಬದಲು ಒಂದು ಸೀಸೆ ಇಟ್ಟಿದ್ದರಿಂದ ತಂಗಿ ಮತ್ತೊಮ್ಮೆ ಆ ಮೇಜಿನ ಮೇಲೆ ಮಲಗಬೇಕಾಯಿತು.

ಎರಡನೆಯ ಸಲ ಬೇರೊಂದು ಆಸ್ಪತ್ರೆ. ಅಲ್ಲಿ ಪಿ.ಸಿ.ಆರ್. ಮಾಡಿಸಿದರು. ‘ಪಾಸಿಟಿವ್’ ಎಂದು ಬಂತು. ಆರು ತಿಂಗಳ ಮಾತ್ರೆ ಬರೆದುಕೊಟ್ಟರು. ಆ ಕಾಗದ ಮೊಳಕಾಲ್ಮೂರಿನ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. “ಬಚ್ಚೇದಾನಿ ಕೂ ಕೀಡಾ ಲಗ್ಯಾ ಕತೇ,” ಗರ್ಭಕೋಶಕ್ಕೆ ಹುಳು ಹತ್ತಿದೆಯಂತೆ ಎಂದು ಅತ್ತೆ ಅಂಗಳದಲ್ಲಿ ನಿಂತು ಹೇಳಿದರಂತೆ. ತಂಗಿಯ ತಟ್ಟೆ, ಲೋಟ ಬೇರೆಯಾದವು. ನಾದಿನಿಯ ಮಗುವನ್ನು ಅವಳ ಕೈಗೆ ಕೊಡುವುದು ನಿಂತಿತು. ಗರ್ಭಕೋಶದ ಕ್ಷಯ ತಟ್ಟೆಯಿಂದ ಹರಡುವುದಿಲ್ಲ, ಉಸಿರಿನಿಂದಲೂ ಹರಡುವುದಿಲ್ಲ. ಇದನ್ನು ಯಾರು ಯಾರಿಗೆ ಹೇಳಬೇಕು? ಒಂದು ವಾರದಲ್ಲಿ ಗಂಡನಿಗೆ ಎರಡನೆಯ ಮದುವೆಯ ಮಾತು ಎದ್ದಿತು. ಹುಡುಗಿ ರಾಯದುರ್ಗದ ಕಡೆಯವಳು ಎನ್ನುವಷ್ಟು ದೂರ ಅದು ಹೋಗಿತ್ತು.

ನಾವು ಮಾತ್ರೆ ಶುರುಮಾಡುವ ಮೊದಲು ಆ ‘ಪಾಸಿಟಿವ್’ ಎಂದರೇನು ಎಂದು ತಿಳಿಯಲು ಹೊರಟೆವು. ಚಳ್ಳಕೆರೆಯ ಹೈಸ್ಕೂಲು ಮೇಷ್ಟರೊಬ್ಬರು ನಮ್ಮ ಕಥೆಗಳ ಓದುಗರು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇದೆಯಲ್ಲ, ಸುಮಾರು 1,500 ಎಕರೆಯದು, ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗಿ ಬಂದವರು. (ಆ ಅಮೃತ ಮಹಲ್ ಕಾವಲಿನಲ್ಲಿ ಹುಲ್ಲು ಮೇಯುತ್ತಿದ್ದ ಕುರಿ ದನಗಳ ಕಥೆ ಬೇರೆ. ಹಸಿರು ನ್ಯಾಯಮಂಡಳಿಯವರೆಗೆ ಹೋದ ಆ ವಿವಾದವನ್ನು ಇಲ್ಲಿ ತರುವುದಿಲ್ಲ. ಕಾವಲು ಕಳೆದುಕೊಂಡ ಸೀಮೆಗೆ ಇಷ್ಟಾದರೂ ವಿಜ್ಞಾನ ಸಿಗಲಿ ಎಂಬುದು ನಮ್ಮ ಆಸೆ.) ಮೇಷ್ಟರು ಹೇಳಿದರು: “ಮೇಡಂ, ಪಿ.ಸಿ.ಆರ್. ಅಂದರೆ ಜೆರಾಕ್ಸ್ ಅಂಗಡಿ ಅಂತ ತಿಳ್ಕೊಳ್ಳಿ. ರೋಗಾಣುವಿನ ಡಿ.ಎನ್.ಎ.ಯ ಒಂದು ತುಣುಕು ಸಿಕ್ಕರೆ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಮೂವತ್ತು ಸಲ ಮಾಡಿದರೆ ನೂರು ಕೋಟಿ ದಾಟುತ್ತೆ. ಅದಕ್ಕೇ ಅಷ್ಟು ಸೂಕ್ಷ್ಮ. ಆದರೆ ಜೆರಾಕ್ಸ್ ನೋಡಿ, ಕಾಗದ ಬರೆದವನು ಬದುಕಿದ್ದಾನೋ ಸತ್ತಿದ್ದಾನೋ ಹೇಳೋಕಾಗುತ್ತಾ? ಗಾಜಿನ ಮೇಲೆ ಧೂಳಿದ್ದರೆ ಅದೂ ಅಚ್ಚಾಗುತ್ತೆ.”

ಇಷ್ಟು ಚೆನ್ನಾಗಿ ನಮಗೆ ಯಾವ ಡಾಕ್ಟರೂ ಹೇಳಿರಲಿಲ್ಲ. ಗಾಜಿನ ಮೇಲಿನ ಧೂಳು ಎಂಬ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಆಮೇಲಿನ ವರ್ಷಗಳಲ್ಲಿ ಈ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹಿಡಿಯಿತು. ಕಥೆ ಬರೆಯುವವರಿಗೆ ಇದು ಯಾಕೆ ಎಂದು ಗೆಳೆಯರು ನಕ್ಕದ್ದೂ ಉಂಟು.

ಓದಿದ್ದರಲ್ಲಿ ತಿಳಿದದ್ದು, ನಮ್ಮ ತಂಗಿಯ ವರದಿಯ ಗೊಂದಲವೇ ಲೋಕದ ದೊಡ್ಡ ದೊಡ್ಡ ಪ್ರಯೋಗಾಲಯಗಳ ಗೊಂದಲವೂ ಆಗಿದೆ ಎಂಬುದು. ಆರೋಗ್ಯವಾದ ಗರ್ಭಕೋಶದಲ್ಲಿ ಜೀವಾಣುಗಳೇ ಇಲ್ಲ, ಕೂಸು ಹುಟ್ಟುವ ದಾರಿಯಲ್ಲೇ ಅವುಗಳನ್ನು ಮೊದಲು ಕಾಣುವುದು ಎಂದು 1900ರ ಸುಮಾರಿಗೆ ಫ್ರಾನ್ಸಿನ ಆನ್ರಿ ತಿಸ್ಸಿಯೇ ಹೇಳಿದ್ದರು. ನೂರು ವರ್ಷ ಎಲ್ಲರೂ ಅದನ್ನೇ ಓದಿದರು. ಆಮೇಲೆ ಡಿ.ಎನ್.ಎ. ಓದುವ ಯಂತ್ರಗಳು ಬಂದವು. ಪ್ರತಿ ಬ್ಯಾಕ್ಟೀರಿಯಾದಲ್ಲೂ 16ಎಸ್ ಎಂಬ ಒಂದು ಜೀನ್ ಇರುತ್ತದೆ. ಅದನ್ನು ಓದಿದರೆ ಅದು ಯಾವ ಕುಲದ್ದೆಂದು ತಿಳಿಯುತ್ತದೆ. ಹಾಗೆ ಓದಿ ನೋಡಿದಾಗ ಗರ್ಭಕೋಶದ ಒಳಪದರದಲ್ಲೂ ಹತ್ತಾರು ಕುಲಗಳ ಹೆಸರು ಸಿಕ್ಕಿತು. 2016ರಲ್ಲಿ ಸ್ಪೇನಿನ ಕಾರ್ಲೋಸ್ ಸಿಮೋನ್ ಅವರ ತಂಡ, ಮಕ್ಕಳಾಗದೆ ಚಿಕಿತ್ಸೆ ಪಡೆಯುತ್ತಿದ್ದ 35 ಹೆಂಗಸರನ್ನು ಪರೀಕ್ಷಿಸಿ, ಲ್ಯಾಕ್ಟೊಬ್ಯಾಸಿಲಸ್ ಹೆಚ್ಚಾಗಿದ್ದವರಲ್ಲಿ ಗರ್ಭ ನಿಲ್ಲುವುದು ಹೆಚ್ಚು ಎಂದಿತು. ಮೊಸರು ಹೆಪ್ಪುಗಟ್ಟಿಸುವ ಬಳಗಕ್ಕೆ ಸೇರಿದ ಬ್ಯಾಕ್ಟೀರಿಯಾ ಅದು. ಮೂವತ್ತೈದೇ ಜನ ಎಂಬುದನ್ನು ಮರೆತು ಆಸ್ಪತ್ರೆಗಳಲ್ಲಿ ಅದರ ಮೇಲೊಂದು ದುಬಾರಿ ಪರೀಕ್ಷೆಯೂ ಮಾರಾಟಕ್ಕೆ ಬಂತು. ಮಗು ಬೇಕೆನ್ನುವವರ ಕಿಸೆಗೆ ಎಲ್ಲರ ಕೈಯೂ ಬೇಗ ಹೋಗುತ್ತದೆ.

ಆದರೆ ಮೂಲದ ಪ್ರಶ್ನೆ ಉಳಿಯಿತು. ಆ ಜೀವಾಣುಗಳು ನಿಜಕ್ಕೂ ಅಲ್ಲಿಯವೋ, ದಾರಿಯಲ್ಲಿ ಹತ್ತಿಕೊಂಡವೋ? ಒಳಪದರಕ್ಕೆ ಸಲಕರಣೆ ಹೋಗಬೇಕಾದರೆ ಯೋನಿಮಾರ್ಗದ ಮೂಲಕ ಹೋಗಬೇಕು. ಅಲ್ಲಿ ಜೀವಾಣುಗಳು ಗರ್ಭಕೋಶದಲ್ಲಿ ಇರಬಹುದಾದ್ದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಸಂತೆಯ ಮಧ್ಯದಿಂದ ನಡೆದುಬಂದವನ ಬಟ್ಟೆಯ ಧೂಳು ನೋಡಿ ಅವನ ಮನೆಯ ಧೂಳು ಹೇಗಿದೆಯೆಂದು ಹೇಳಿದ ಹಾಗೆ. ಇದಕ್ಕೆಂದು ಎರಡು ಹೊದಿಕೆಯ ನಳಿಕೆ ಮಾಡಿದರು. ಹೊರಗಿನದು ದಾರಿಯಲ್ಲಿ ನಿಲ್ಲುತ್ತದೆ, ಒಳಗಿನದು ಮುಂದೆ ಹೋಗುತ್ತದೆ. ಇನ್ನು ಕೆಲವರು ದಾರಿಯೇ ಬೇಡವೆಂದು, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲೋ ಸಿಸೇರಿಯನ್ ವೇಳೆಯಲ್ಲೋ ಹೊಟ್ಟೆಯ ಕಡೆಯಿಂದ ಮಾದರಿ ತೆಗೆದರು. ಅಲ್ಲಿ ಬೇರೆ ತೊಡಕು. ಗರ್ಭಕೋಶ ತೆಗೆಸುವವರು ಏನೋ ಕಾಯಿಲೆ ಇದ್ದವರೇ. ಶಸ್ತ್ರಚಿಕಿತ್ಸೆಗೆ ಮುಂಚೆ ಆಂಟಿಬಯೋಟಿಕ್ ಕೊಟ್ಟಿರುತ್ತಾರೆ. ಆರೋಗ್ಯವಂತೆಯ ಪದರ ಹೇಗಿರುತ್ತದೆಂದು ಅದರಿಂದ ತಿಳಿಯುವುದು ಕಷ್ಟ.

ಧೂಳಿನ ವಿಷಯದಲ್ಲಿ ಮೇಷ್ಟರ ಮಾತನ್ನು ಇಂಗ್ಲೆಂಡಿನ ಸುಸಾನಾ ಸಾಲ್ಟರ್ ಮತ್ತು ಸಂಗಡಿಗರು 2014ರಲ್ಲಿ ಮಾಡಿ ತೋರಿಸಿದ್ದರು. ಒಂದೇ ಜಾತಿಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದಕ್ಕೆ ಹಂತಹಂತವಾಗಿ ನೀರು ಬೆರೆಸುತ್ತ ಹೋಗಿ, ಪ್ರತಿ ಹಂತದ ಡಿ.ಎನ್.ಎ. ಓದಿಸಿದರು. ಗಟ್ಟಿಯಾಗಿದ್ದಾಗ ಸಾಲ್ಮೊನೆಲ್ಲಾ ಒಂದೇ ಕಂಡಿತು. ತೆಳುವಾಗುತ್ತ ಹೋದಂತೆ ಅಲ್ಲಿ ಯಾರೂ ಹಾಕದ ಬ್ಯಾಕ್ಟೀರಿಯಾಗಳ ಹೆಸರು ಬರತೊಡಗಿತು. ಅವು ಬಂದದ್ದು ಪರೀಕ್ಷೆಯ ಕಿಟ್‌ನಿಂದಲೇ, ಅದರ ದ್ರಾವಣಗಳಿಂದಲೇ. ಗರ್ಭಕೋಶದ ಹಾಗೆ ಜೀವಾಣು ಕಡಿಮೆಯಿರುವ ಜಾಗದಲ್ಲಿ ಈ ಅಪಾಯ ದೊಡ್ಡದು. ಅದಕ್ಕೇ ಈಗ ಒಳ್ಳೆಯ ಸಂಶೋಧಕರು ಏನೂ ಇಲ್ಲದ ಖಾಲಿ ನಳಿಕೆಯನ್ನೂ ಮಾದರಿಯ ಜೊತೆಗೇ ಪರೀಕ್ಷೆಗೆ ಕಳಿಸುತ್ತಾರೆ. ಖಾಲಿಯಲ್ಲಿ ಸಿಕ್ಕಿದ್ದು ಮಾದರಿಯಲ್ಲೂ ಸಿಕ್ಕರೆ ಅದನ್ನು ಅನುಮಾನದಿಂದಲೇ ನೋಡಬೇಕು. ಮಾಸಿನಲ್ಲಿ, ನಮ್ಮ ಕಡೆ ‘ಕಸ ಬಿತ್ತು’ ಎನ್ನುತ್ತಾರಲ್ಲ ಅದರಲ್ಲಿ, ಜೀವಾಣುಗಳ ಒಂದು ಲೋಕವೇ ಇದೆಯೆಂದು 2014ರಲ್ಲಿ ಅಮೆರಿಕದಿಂದ ಸುದ್ದಿ ಬಂದಿತ್ತು. 2019ರಲ್ಲಿ ಕೇಂಬ್ರಿಜ್‌ನವರು 500ಕ್ಕೂ ಹೆಚ್ಚು ತಾಯಂದಿರ ಮಾಸನ್ನು ಬೇರೆಬೇರೆ ವಿಧಾನಗಳಿಂದ ನೋಡಿ, ಅಂಥ ಲೋಕವಿಲ್ಲ, ಬಹುಪಾಲು ಕಂಡದ್ದು ಕಿಟ್‌ನ ಮತ್ತು ಹೆರಿಗೆಯ ದಾರಿಯ ಧೂಳು ಎಂದರು. ನೂರರಲ್ಲಿ ಐದರಷ್ಟು ಮಾಸುಗಳಲ್ಲಿ ಮಾತ್ರ ಒಂದು ಅಪಾಯಕಾರಿ ಸ್ಟ್ರೆಪ್ಟೊಕಾಕಸ್ ನಿಜವಾಗಿಯೇ ಇತ್ತು.

ಸ್ಟ್ರೆಪ್ಟೊಕಾಕಸ್ ಎಂದಾಗ ಬಾಣಂತಿ ಸನ್ನಿಯ ನೆನಪಾಗದೆ ಇರದು. ಅಮ್ಮಿಯ ಖಾಲಾ ಒಬ್ಬರು ಅದರಲ್ಲೇ ಹೋದರಂತೆ, ಹೆತ್ತ ನಾಲ್ಕನೆಯ ದಿನ. 1847ರಲ್ಲಿ ವಿಯೆನ್ನಾದ ಇಗ್ನಾಜ್ ಸೆಮ್ಮೆಲ್ವೈಸ್ ಎರಡು ಹೆರಿಗೆ ವಾರ್ಡುಗಳ ಸಾವಿನ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರು. ಸೂಲಗಿತ್ತಿಯರ ವಾರ್ಡಿನಲ್ಲಿ ಕಡಿಮೆ, ಹೆಣ ಕೊಯ್ದು ನೇರ ಬರುತ್ತಿದ್ದ ವೈದ್ಯ ವಿದ್ಯಾರ್ಥಿಗಳ ವಾರ್ಡಿನಲ್ಲಿ ಬಹಳ ಹೆಚ್ಚು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿದರು, ಸಾವು ಇಳಿಯಿತು. ಗರ್ಭಕೋಶದೊಳಗೆ ಏನು ಹೋಯಿತೆಂದು ಕಣ್ಣಿಗೆ ಕಾಣದೆಯೇ ಅವರು ಕಂಡುಹಿಡಿದಿದ್ದರು. ದೊಡ್ಡ ವೈದ್ಯರು ನಂಬಲಿಲ್ಲ. 1865ರಲ್ಲಿ ಅವರು ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡರು. ತಮ್ಮ ಕೈಯೇ ಕೊಳೆ ಎಂಬುದನ್ನು ಒಪ್ಪುವುದು ದೊಡ್ಡವರಿಗೆ ಯಾವ ಕಾಲದಲ್ಲೂ ಕಷ್ಟ.

ಕೊಳೆಯ ಮಾತು ಹೆಣ್ಣಿಗೇ ಅಂಟಿಸುವುದು ಸುಲಭ. ನಮ್ಮ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈಯಲ್ಲಿ ತುಮಕೂರಿನ ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿಟ್ಟಿದ್ದ ಹಸುಗೂಸು ತೀರಿಕೊಂಡದ್ದು ಪತ್ರಿಕೆಗಳಲ್ಲೆಲ್ಲ ಬಂತು. ಅವರನ್ನು ಬೊಟ್ಟುಮಾಡಿ ನಾವು ಹಿರಿಮೆಪಡುವಂತಿಲ್ಲ. ನಮ್ಮ ಮನೆಗಳಲ್ಲೂ ಆ ದಿನಗಳಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಬೇಡ ಎನ್ನುವ ಅಜ್ಜಿಯರಿದ್ದರು, ಅದು ಯಾವ ಕಿತಾಬಿನಲ್ಲಿ ಬರೆದಿದೆಯೋ ಕಾಣೆವು. ಇತ್ತ ಪ್ರಯೋಗಾಲಯದವರು ಅದೇ ಮುಟ್ಟಿನ ರಕ್ತವನ್ನು ಬೇಕೆಂದು ಕೇಳುತ್ತಾರೆ. ಕಳಚಿ ಬಿದ್ದ ಒಳಪದರವೇ ತಾನೆ ಅದು. ಸಲಕರಣೆ ಹಾಕುವ ನೋವಿಲ್ಲ, ಮದುವೆಯಾಗದ ಹುಡುಗಿಯರಿಂದಲೂ ಪಡೆಯಬಹುದು. ಕ್ಷಯಕ್ಕಾಗಿ ಅದನ್ನು ಪರೀಕ್ಷಿಸುವ ಕ್ರಮ ಹಿಂದಿನಿಂದಲೂ ಇದೆ.

ಮತ್ತೆ ತಂಗಿಯ ವಿಷಯ. ಮೂರನೆಯ ಸಲ ನಾವು ಹೋದದ್ದು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಸರಕಾರಿ ಡಾಕ್ಟರ ಬಳಿಗೆ. ಅವರು ಹಳೆಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ಮೊದಲು ಕೇಳಿದ್ದು, “ಚೂರು ತೆಗೆದದ್ದು ಮುಟ್ಟಿನ ಎಷ್ಟನೇ ದಿನ?” ನಮಗೆ ಗೊತ್ತಿರಲಿಲ್ಲ, ಕಾಗದದಲ್ಲೂ ಇರಲಿಲ್ಲ. ಪದರ ತಿಂಗಳಿಗೊಮ್ಮೆ ಬೀಳುವುದರಿಂದ ಕ್ಷಯದ ಗಂಟು ಕಟ್ಟಲು ಅದಕ್ಕೆ ಸಮಯವೇ ಸಿಗುವುದಿಲ್ಲ, ಆದ್ದರಿಂದ ಮುಂದಿನ ಮುಟ್ಟಿಗೆ ಸ್ವಲ್ಪ ಮುಂಚೆ, ಪದರ ಪೂರ್ತಿ ಬಲಿತಾಗಲೇ ತೆಗೆಯಬೇಕು ಎಂದು ಅವರು ವಿವರಿಸಿದರು. ಅಲ್ಲಿ ಇರುವ ರೋಗಾಣುಗಳೂ ಬಹಳ ಕಡಿಮೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿ ಲೀಟರಿಗೆ ಹತ್ತು ಸಾವಿರದಷ್ಟಿರಬೇಕು. ಬೆಳೆಸಿ ನೋಡಿದರೆ ಹತ್ತರಿಂದ ನೂರಿದ್ದರೂ ಸಾಕು, ಆದರೆ ವಾರಗಟ್ಟಲೆ ಕಾಯಬೇಕು. ಲೊವೆನ್‌ಸ್ಟೈನ್–ಜೆನ್ಸನ್ ಎಂಬ ಹಳೆಯ ಕ್ರಮದಲ್ಲಿ ಕೋಳಿಮೊಟ್ಟೆಯಿಂದ ಮಾಡಿದ ಹಸಿರು ಮುದ್ದೆಯ ಮೇಲೆ ಅದು ಆರೆಂಟು ವಾರ ಬೆಳೆಯುತ್ತದೆ. ಈಗಿನ ದ್ರವ ಮಾಧ್ಯಮದಲ್ಲಿ ಬೇಗ ಕಾಣಬಹುದು, ಇಲ್ಲವೆಂದು ಹೇಳಲು ಮಾತ್ರ ಆರು ವಾರ ಬೇಕು. “ಮಾತ್ರೆ ಯಾವತ್ತು ಬೇಕಾದರೂ ಶುರುಮಾಡಬಹುದು, ಮೊದಲು ಗೊತ್ತಾಗಲಿ,” ಎಂದರು. ಪಿ.ಸಿ.ಆರ್. ಒಂದನ್ನೇ ನೆಚ್ಚಿ ಚಿಕಿತ್ಸೆ ಕೊಡುವ ವೈದ್ಯರೂ ಇದ್ದಾರೆ, ಕೊಡಬಾರದೆನ್ನುವವರೂ ಇದ್ದಾರೆ. ಇವರು ಎರಡನೆಯ ಗುಂಪಿನವರು.

ಮೂರನೆಯ ಸಲ ಚೂರು ಮೂರು ಭಾಗವಾಯಿತು. ಒಂದು ಫಾರ್ಮಲಿನ್‌ಗೆ, ಒಂದು ಬೆಳೆಸಲು, ಒಂದು ಜಿಲ್ಲಾ ಮಟ್ಟದ ಸಿಬಿನ್ಯಾಟ್ ಯಂತ್ರಕ್ಕೆ. ಆ ಯಂತ್ರವೂ ಪಿ.ಸಿ.ಆರ್. ಬಳಗದ್ದೇ. ಆದರೆ ಎಲ್ಲವೂ ಮುಚ್ಚಿದ ಒಂದು ಡಬ್ಬಿಯೊಳಗೇ ನಡೆಯುವುದರಿಂದ ಹೊರಗಿನ ಧೂಳಿಗೆ ಎಡೆ ಕಡಿಮೆ. ಎರಡು ಗಂಟೆಯಲ್ಲಿ ಫಲ ಕೊಡುತ್ತದೆ. (ಇದೇ ಕೆಲಸವನ್ನು ಬ್ಯಾಟರಿಯ ಮೇಲೆ ಹಳ್ಳಿಯಲ್ಲೂ ಮಾಡುವ ಟ್ರೂನ್ಯಾಟ್ ಎಂಬ ಯಂತ್ರ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ. 2020ರಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿತು.)

ಆ ಆರು ವಾರ ತಂಗಿ ಚಳ್ಳಕೆರೆಯಲ್ಲೇ ಇದ್ದಳು. ಅಳಿಯ ಎರಡು ಸಲ ಬಂದು ಹೋದರು, ಹೊಸಿಲಲ್ಲೇ ಕೂತು ಚಹಾ ಕುಡಿದರು. ಅಮ್ಮಿ ತಸ್ಬೀಹ್ ಹಿಡಿದು ದಿನ ಎಣಿಸಿದರು. ತಂಗಿ ಒಂದು ರಾತ್ರಿ ಕೇಳಿದಳು: “ಆಪಾ, ಟೀಬಿ ಇದ್ದರೆ ಒಳ್ಳೇದಾ, ಇಲ್ಲದಿದ್ದರೆ ಒಳ್ಳೇದಾ?” ಇದ್ದರೆ ಮಾತ್ರೆ ಉಂಟು, ಮಗುವಾಗಬಹುದೆಂಬ ಆಸೆ ಉಂಟು, ಆದರೆ ತಟ್ಟೆ ಲೋಟ ಬೇರೆಯೇ ಉಳಿಯುತ್ತವೆ. ಇಲ್ಲದಿದ್ದರೆ ಮಗುವಾಗದ್ದಕ್ಕೆ ಕಾರಣವೇ ಇಲ್ಲದಂತಾಗುತ್ತದೆ. ನಾವು ಉತ್ತರ ಕೊಡಲಿಲ್ಲ.

ಮೂರೂ ವರದಿ ‘ಇಲ್ಲ’ ಎಂದವು. ಸಿಗಲಿಲ್ಲ ಎಂದರೆ ಇಲ್ಲವೇ ಇಲ್ಲ ಎಂದಲ್ಲ, ಆದರೆ ಮೂರು ದಾರಿಯಿಂದ ಹುಡುಕಿಯೂ ಸಿಗಲಿಲ್ಲವೆಂದರೆ ಆ ಹಳೆಯ ಪಾಸಿಟಿವ್‌ಗೆ ಹೆಚ್ಚು ಬೆಲೆ ಕೊಡಬೇಕಿಲ್ಲ ಎಂದರು ಡಾಕ್ಟರು. ಆಮೇಲೆ ಕಾಗದಗಳನ್ನು ಇನ್ನೊಮ್ಮೆ ತಿರುವಿ, “ಗಂಡನ ಪರೀಕ್ಷೆ ಎಲ್ಲಿ?” ಎಂದರು. ಇರಲಿಲ್ಲ. ಆರು ವರ್ಷ, ಮೂರು ಆಸ್ಪತ್ರೆ, ಮೂರು ಸಲ ಪದರದ ಚೂರು. ಒಂದು ಸಣ್ಣ ಡಬ್ಬಿಯಲ್ಲಿ ವೀರ್ಯ ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿಸುವ, ಕೆಲವು ನೂರು ರೂಪಾಯಿಯ ಪರೀಕ್ಷೆಯನ್ನು ಯಾರೂ ಬರೆದಿರಲಿಲ್ಲ. ಅಳಿಯ ಒಪ್ಪಲು ಎರಡು ತಿಂಗಳು ತೆಗೆದುಕೊಂಡರು. ಅದರ ವರದಿ ಏನೆಂದು ಇಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರ ವಿಷಯ. ಆ ವರದಿ ಬಂದ ಮೇಲೆ ರಾಯದುರ್ಗದ ಹುಡುಗಿಯ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ. ಅತ್ತೆ ಮೂರನೆಯ ದಿನ ಆಟೋ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ತಾವೇ ಬಂದು ಸೊಸೆಯನ್ನು ಕರೆದುಕೊಂಡು ಹೋದರು.

ಇದನ್ನು ಬರೆಯಲು ತಂಗಿಯ ಒಪ್ಪಿಗೆ ಇದೆ, ಹೆಸರು ಬೇಡ ಎಂದಿದ್ದಾಳೆ. ಓದಿ ಹೇಳಿದಾಗ ಅವಳು ಒಂದೇ ಪ್ರಶ್ನೆ ಕೇಳಿದಳು, ನನ್ನಿಂದ ತೆಗೆದ ಆ ಚೂರುಗಳು ಈಗ ಎಲ್ಲಿವೆ ಎಂದು. ಫಾರ್ಮಲಿನ್‌ಗೆ ಹಾಕಿದ ಚೂರನ್ನು ಮೇಣದ ಸಣ್ಣ ಬಿಲ್ಲೆಯೊಳಗೆ ಕೂಡಿಸಿ, ಅದರಿಂದ ಕಾಗದಕ್ಕಿಂತ ತೆಳುವಾದ ಪದರ ಕೊಯ್ದು ಗಾಜಿನ ಮೇಲೆ ಇಡುತ್ತಾರೆ. ಉಳಿದ ಬಿಲ್ಲೆಯನ್ನು ವರ್ಷಗಟ್ಟಲೆ ಕಾಪಾಡುತ್ತಾರೆ, ರೋಗಿ ಕೇಳಿದರೆ ಕೊಡುತ್ತಾರೆ. ನಾವು ಕೇಳಿಕೊಂಡು ಹೋದೆವು. ಹುಡುಕಲು ಒಂದು ಮಧ್ಯಾಹ್ನ ಹಿಡಿಯಿತು. ಬೆರಳಿನ ತುದಿಯಷ್ಟು ಬಿಳಿಯ ಮೇಣ, ಅದರ ನಡುವೆ ಕಂದು ಬಣ್ಣದ ನಾಲ್ಕು ಚುಕ್ಕೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರು. ತಂಗಿ ಅದನ್ನು ಮೂಗುಬೊಟ್ಟು ಕೊಂಡಾಗ ಬಂದಿದ್ದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ನಿಕಾಹ್‌ನಾಮೆಯ ಪಕ್ಕದಲ್ಲಿ, ಬೀರುವಿನ ಒ ಳಖಾನೆಯಲ್ಲಿ ಇಟ್ಟಿದ್ದಾಳೆ.